ಮೂರು ಖಾಲಿ ತುಳಿತ

"ನೋಡ್ರಿ ಯಜಮಾನ್ರೇ, ಇದು ಹನ್ನೊಂದನೇ ಸಲ. ಒಂದು ಸಾಲೂ ತಪ್ಪಲಿಲ್ಲ," ಎಂದಳು ರಿಪೇರಿ ಮಾಡುವ ಪುಷ್ಪಲತಾ, ಕಾಲಡಿಯ ಸ್ವಿಚ್ಚಿನಿಂದ ಪಾದ ಎತ್ತುತ್ತ.

ನೇಕಾರ ಸಣ್ಣತಿಮ್ಮಪ್ಪ ಬಗ್ಗಿ ನೋಡಿದ. ಅವನ ಮಗ್ಗದ ಎಳೆ ಎತ್ತುವ ಕರೆಂಟಿನ ಪೆಟ್ಟಿಗೆ ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಅದಕ್ಕೆ ಹಚ್ಚಿದ್ದ ಪುಟ್ಟ ದೀಪಗಳು, ಸೀರೆಯಲ್ಲಿ ನೇಯುವ ನವಿಲಿನ ಒಂದೊಂದು ಎಳೆ ಏಳುವ ಕ್ರಮದಲ್ಲೇ ಹೊತ್ತಿ ಆರಿದ್ದವು. ಮೊಳಕಾಲ್ಮೂರಿನಲ್ಲಿ ದಿನವೂ ಕೆಡುವ ಪೆಟ್ಟಿಗೆ, ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಈ ರಿಪೇರಿ ಅಂಗಡಿಗೆ ಬಂದೊಡನೆ ಸಾಧುವಾಗಿಬಿಟ್ಟಿತ್ತಲ್ಲ.

"ಹಂಗಾದ್ರೆ ಕೆಟ್ಟಿರೋದು ನಾನೇ ಅಂತಾತು," ಎಂದ.

ಮೂರು ತಿಂಗಳ ಹಿಂದೆ ಸಾಹುಕಾರ ಜಂಬುಲಿಂಗಪ್ಪ ನವಿಲಿನ ನಕ್ಷೆಗೆ ತೂತು ಕೊರೆದ ಹಳೆಯ ರಟ್ಟಿನ ಕಾರ್ಡುಗಳನ್ನು ಬಿಚ್ಚಿಸಿ ಈ ಪೆಟ್ಟಿಗೆ ಕೂರಿಸಿದ್ದರು. ಅಂದಿನಿಂದ ದಿನಾ ಬೆಳಿಗ್ಗೆ ಮೊದಲ ಬೆರಳಗಲ ನೇಯ್ಗೆ ಕೆಡುತ್ತಿತ್ತು. ನವಿಲಿನ ಕತ್ತು ಒಂದು ಕಡೆ, ತಲೆ ಇನ್ನೊಂದು ಕಡೆ. ಆಮೇಲೆ ಸಂಜೆಯವರೆಗೂ ಚಂದವಾಗಿ ಬರುತ್ತಿತ್ತು. ಎರಡು ಸೀರೆ ಹೀಗೇ ಹಾಳಾದವು. "ಮೂರನೇದೂ ಹಿಂಗೇ ಬಂದ್ರೆ ಪೆಟ್ಟಿಗೆ ಬೇರೆಯೋರ ಮಗ್ಗಕ್ಕೆ ಹೋಗ್ತೈತೆ ತಿಮ್ಮಪ್ಪ. ನೀನು ಲಾಳಿಗೆ ನೂಲಿನ ಕಂಡಿಕೆ ಸುತ್ಕೊಂಡಿರು," ಎಂದಿದ್ದರು ಸಾಹುಕಾರರು. ನಲವತ್ತು ವರ್ಷ ನವಿಲು ನೇಯ್ದವನು ಪೆಟ್ಟಿಗೆ ಬಿಚ್ಚಿಕೊಂಡು ಚಳ್ಳಕೆರೆಯ ಬಸ್ಸು ಹತ್ತಿದ್ದ.

"ಇದರೊಳಗೆ ಏನು ನಡೀತೈತೆ ಅಂತಾನಾದ್ರೂ ಹೇಳು ತಾಯಿ."

ಪುಷ್ಪಲತಾ ಉಗುರಗಲದ ಕಪ್ಪು ಚಿಪ್ ತೋರಿಸಿದಳು. "ನಿಮ್ಮ ನವಿಲೆಲ್ಲಾ ಇದರಾಗೆ ಸಾಲುಸಾಲಾಗಿ ಮಲಗೈತೆ. 'ಈ ಸಾಲು ತೆಗಿ' ಅಂತ ಮೊದಲು ಹುಕುಂ ಬರಬೇಕು. ತೆಗೆಯೋವರೆಗೂ ತಡೀಬೇಕು. ಆಮೇಲೆ 'ಓದು', ಆಮೇಲೆ 'ಮುಚ್ಚು'. ಒಂದನ್ನ ಮುಚ್ಚದೇ ಇನ್ನೊಂದು ತೆಗೆದ್ರೆ ಎರಡೂ ಕಲಸಿಹೋಗ್ತವೆ."

"ಹುಕುಂ ಕೊಡೋರು ಯಾರು?"

"ಪಕ್ಕದಾಗೆ ಕೂತಿರೋ ಇನ್ನೊಂದು ಚಿಪ್."

"ಅದಕ್ಕೆ ಹುಕುಂ ಕೊಡೋರು?"

"ನಿಮ್ಮ ಕಾಲು," ಎಂದು ನಕ್ಕು ಸ್ವಿಚ್ಚನ್ನು ಅವನ ಕಡೆ ಸರಿಸಿದಳು. "ಎಲ್ಲಿ, ಈ ಸಲ ನೀವೇ ತುಳೀರಿ. ಮನೆಯಾಗೆ ಹೆಂಗೆ ಮಾಡ್ತೀರೋ ಹಂಗೇ."

ಅವಳು ಪೆಟ್ಟಿಗೆ ಆರಿಸಿ ಮತ್ತೆ ಕರೆಂಟು ಕೊಟ್ಟಳು. ಸಣ್ಣತಿಮ್ಮಪ್ಪ ಕಣ್ಣು ಮುಚ್ಚಿ ತೆರೆದ, ತುಳಿಯತೊಡಗಿದ. ದೀಪಗಳು ದಿಕ್ಕು ತಪ್ಪಿದ ಕುರಿಗಳಂತೆ ಎಲ್ಲೆಲ್ಲೋ ಹೊತ್ತಿಕೊಂಡವು. ಪುಷ್ಪಲತಾ ಮಾತ್ರ ದೀಪ ನೋಡುತ್ತಿರಲಿಲ್ಲ, ಅವನ ಪಾದ ನೋಡುತ್ತಿದ್ದಳು.

"ಕರೆಂಟು ಕೊಟ್ಟ ಕೂಡ್ಲೇ ಟಕ್ ಟಕ್ ಟಕ್ ಅಂತ ಮೂರು ಸಲ ತುಳಿದ್ರಲ್ಲ, ಅದೇನದು?"

"ನಾನೆಲ್ಲಿ ತುಳಿದೆ?"

"ತುಳಿದ್ರಿ. ನಾನೇ ನೋಡಿದೆ."

ಅವನು ತನ್ನ ಬಲಗಾಲನ್ನು ಬೇರೆ ಯಾರದೋ ಎಂಬಂತೆ ನೋಡಿದ. ನಿಧಾನವಾಗಿ ನೆನಪಾಯಿತು. ಅಪ್ಪ ಕಲಿಸಿದ್ದು. ಕೆಲಸ ಹಿಡಿಯುವ ಮೊದಲು ಗುರುವಿಗೊಂದು, ಮನೆದೇವರಿಗೊಂದು, ಮಗ್ಗಕ್ಕೊಂದು. ರಟ್ಟು ಸಿಗಿಸುವ ಮುಂಚೆ ಹಾಗೆ ತುಳಿದರೆ ಹಾಸಿನ ಉದ್ದ ಎಳೆಯೆಲ್ಲ ಒಟ್ಟಿಗೆ ಮೇಲೇಳುತ್ತಿತ್ತು, ಇಡೀ ಮಗ್ಗ ಎದ್ದು ನಿಂತು ಕೈಮುಗಿದ ಹಾಗೆ. ಅದು ಕೆಲಸವಲ್ಲ, ಆದ್ದರಿಂದ ಯಾರಿಗೂ ಹೇಳಿರಲಿಲ್ಲ.

"ಅದು ದೇವರ ಪಾಲಿಂದು ತಾಯಿ. ಲೆಕ್ಕಕ್ಕಿಲ್ಲ."

"ಇದಕ್ಕೆ ಎಲ್ಲಾ ಲೆಕ್ಕಾನೇ ಯಜಮಾನ್ರೇ. ಕರೆಂಟು ಬಂದ ಕೂಡ್ಲೇ ಇದು ಎದ್ದು ಕೂರಲ್ಲ, ಎಚ್ಚರಾಗಾಕೆ ಟೈಮು ಬೇಕು. ಅಷ್ಟರಾಗೆ ನೀವು ಮೂರು ಹುಕುಂ ಕೊಟ್ರೆ ಸಾಲು ಕಲಸ್ತೈತೆ. ಕರೆಂಟು ಹಾಕೋಕೆ ಮುಂಚೆ ತುಳ್ಕಳ್ರಿ. ಹಾಕಿದ ಮೇಲೆ ಹಸಿರು ದೀಪ ಬರೋವರೆಗೂ ಕಾಲು ಸುಮ್ನಿರಲಿ."

ಮೊಳಕಾಲ್ಮೂರಿನ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಸಣ್ಣತಿಮ್ಮಪ್ಪನಿಗೆ ದಾರಿಯುದ್ದಕ್ಕೂ ಒಂದೇ ಗೊಂದಲ. ನಮಸ್ಕಾರದಿಂದ ನೇಯ್ಗೆ ಕೆಡುತ್ತದೆಯೇ? ಕೆಟ್ಟರೆ ಅದನ್ನು ನಮಸ್ಕಾರ ಎನ್ನಬೇಕೇ? ಹಂಗಾದರೆ ಈ ಮೂರು ತಿಂಗಳು ತಾನು ಮಾಡಿದ್ದೇನು?

ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಮಗ್ಗಕ್ಕೆ ಕೂರಿಸಿ, ಕರೆಂಟು ಹಾಕದೆಯೇ ಕಾಲ್ಮಣೆಯನ್ನು ಮೂರು ಸಲ ತುಳಿದ. ಒಂದು ಎಳೆಯೂ ಏಳಲಿಲ್ಲ. ಮಲಗಿದ್ದ ಮಗ್ಗ ಮಲಗಿಯೇ ಇತ್ತು. ಸ್ವಿಚ್ ಹಾಕಿ ಕಾಲು ಹಿಂದಕ್ಕೆಳೆದುಕೊಂಡ.

ಕೆಳಮುಖವಾದ ನೇಯ್ಗೆಯನ್ನು ಅಡಿಯಿಂದ ನೋಡಲು ಕನ್ನಡಿ ಹಿಡಿದು ಕೂತಿದ್ದ ಹೆಂಡತಿ ರಂಗಕ್ಕ ಕೇಳಿದಳು: "ಯಾಕ್ರೀ, ಸುಮ್ನೆ ಕೂತ್ರಿ?"

"ಅದಿನ್ನೂ ಎದ್ದಿಲ್ಲ."

"ಯಾವುದು? ದೇವರಾ, ಡಬ್ಬಿನಾ?"

ಹಸಿರು ದೀಪ ಬಂತು. ತುಳಿದ, ಲಾಳಿ ಎಸೆದ, ಬಡಿದ. ಮತ್ತೆ ತುಳಿದ. ಮೂರು ತಿಂಗಳಿಂದ ಕೆಡುತ್ತಿದ್ದ ಬೆರಳಗಲ ಮೆಲ್ಲಗೆ ದಾಟಿತು. ರಂಗಕ್ಕ ಕನ್ನಡಿಯನ್ನು ಇನ್ನಷ್ಟು ಒಳಗೆ ಸರಿಸಿದಳು.

"ಬಂತು ನೋಡ್ರಿ. ಕತ್ತು ತಲೆಗೆ ಕೂಡ್ತು."

ಸಣ್ಣತಿಮ್ಮಪ್ಪ ಕನ್ನಡಿ ನೋಡಲಿಲ್ಲ. ಮಗ್ಗದಡಿಯ ಕುಣಿಯೊಳಗೆ ಇಳಿಬಿಟ್ಟ ತನ್ನ ಬಲಗಾಲನ್ನು ನೋಡುತ್ತಿದ್ದ. ದೀಪಕ್ಕೆ ಕಾಯುವಾಗ ಅದು ಯಾವ ಮಾಯದಲ್ಲಿ ಪಕ್ಕದ ಬರಿ ನೆಲ ಮುಟ್ಟಿತ್ತೋ, ಹೆಬ್ಬೆರಳಿಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಕುಣಿಯ ನೆಲದಲ್ಲಿ ಒತ್ತೊತ್ತಾಗಿ ಮೂರು ಗುರುತುಗಳಿದ್ದವು.