ಮೂವತ್ತಡಿ ರಸ್ತೆ

“ರಸ್ತೆಯ ಗೆರೆ ಒಂದೇ ಒಂದು ನೂಲು ತೆಂಕಕ್ಕೆ ಸರಿಸಿ ಮಾಸ್ಟ್ರೇ, ಹೆಚ್ಚು ಬೇಡ,” ಎಂದು ಇಸಿದೋರ್ ಪೊರ್ಬುಗಳು ನಕ್ಷೆಯ ಮೇಲೆ ಕಿರುಬೆರಳಿನ ಉಗುರಿಟ್ಟು ತೋರಿಸಿದರು. “ನನ್ನ ಸೋಡಾ ಅಂಗಡಿ ಹೋದರೆ ಹೋಗ್ಲಿ, ಅದರ ಚಿಂತೆ ನನಗಿಲ್ಲ. ಆದರೆ ಗೇಟಿನ ಹತ್ತಿರ ಕುರುಸು ಉಂಟಲ್ಲ ಮಾರಾಯ್ರೆ. ಅದರ ಮೇಲೆ ಬುಲ್ಡೋಜರ್ ಹಾಕ್ಲಿಕ್ಕೆ ಆಗ್ತದಾ? ನೀವೇ ಹೇಳಿ.”

ವಿಷ್ಣುಮೂರ್ತಿ ಮಾಸ್ಟ್ರು ಏನು ಹೇಳುವುದು! ಕುರುಸು, ಅಂದರೆ ಶಿಲುಬೆ, ಇದ್ದದ್ದು ಹೌದು. ಹೋದ ವಾರದವರೆಗೂ ಪೊರ್ಬುಗಳ ಮನೆಯ ಬಟ್ಟೆ ಒಣಗಿಸುವ ಹಗ್ಗದ ಒಂದು ತುದಿ ಅದಕ್ಕೇ ಕಟ್ಟಿತ್ತು. ಈಗ ಹಗ್ಗ ಬಿಚ್ಚಿದೆ, ಕುರುಸಿಗೆ ಸುಣ್ಣ ಬಿದ್ದಿದೆ, ಬುಡದಲ್ಲಿ ಎರಡು ಮೇಣದ ಬತ್ತಿಯೂ ಉರಿದಿದೆ. ಇದನ್ನೆಲ್ಲ ಮಾಸ್ಟ್ರು ಬೆಳಿಗ್ಗೆ ಬಸ್ಸಿಗೆ ಹೋಗುವಾಗ ಕಣ್ಣಾರೆ ನೋಡಿದ್ದರು. ಆದರೂ “ನೋಡುವ” ಎಂದರು. ಆಗುವುದಿಲ್ಲ ಎಂಬ ಮಾತು ಅವರ ಬಾಯಿಗೆ ಬರುವುದೇ ಇಲ್ಲ. ಹುಟ್ಟುಗುಣ, ಏನು ಮಾಡುವುದು.

“ಒಂದು ನೂಲು ಸರಿಸಿದರೆ ಕುರುಸು ಉಳೀತದೆ,” ಎಂದು ಮಾಸ್ಟ್ರು ಸ್ಕೇಲಿನಲ್ಲಿ ಇಂಚಿನ ಎಂಟನೆಯ ಒಂದು ಪಾಲು ಅಳೆದು ಹೇಳಿದರು. “ಅಂಗಡಿ ಉಳಿಯುವುದಿಲ್ಲ.”

“ಹೌದಾ?” ಪೊರ್ಬುಗಳು ಚಾದ ಲೋಟ ಕೆಳಗಿಟ್ಟರು. “ಹೇಗೂ ರಬ್ಬರು ಕೈಯಲ್ಲಿ ಉಂಟಲ್ಲ, ಹಾಗಾದರೆ ಸ್ವಲ್ಪ ಧಾರಾಳವಾಗಿಯೇ ಸರಿಸಿ.”

ಹೊಯ್ಗೆಪಾಡಿ ಎಂದರೆ ಪಣಂಬೂರಿಗೆ ಹೋಗುವ ಹೆದ್ದಾರಿಗೂ ಕಡಲಿಗೂ ನಡುವೆ ಹನ್ನೊಂದು ಮನೆ, ಒಂದು ಸಣ್ಣ ಶಾಲೆ, ಉಳಿದದ್ದು ಹೊಯ್ಗೆ, ಬರೀ ಮರಳು. ಎಂಬತ್ತಮೂರನೆಯ ಇಸವಿ. ಮಂಗಳೂರು ಕಾರ್ಪೊರೇಶನ್ ಆಗಿ ಮೂರು ವರ್ಷ, ಹೊಸ ಬಂದರಿನ ಹಡಗುಗಳು ಅಂಗಳದಲ್ಲಿ ನಿಂತರೆ ಕಾಣುತ್ತವೆ, ಭಾನುವಾರ ಬಂದರೆ ಪೇಟೆಯ ಜನ ಚಪ್ಪಲಿ ಕೈಯಲ್ಲಿ ಹಿಡಿದು ಕಡಲು ನೋಡಲು ಬರುತ್ತಾರೆ. ಹೀಗಿರುವಾಗ ಹೊಯ್ಗೆಪಾಡಿ ಯಾಕೆ ಒಂದು ಬೀಚ್ ಆಗಬಾರದು? ಕದ್ರಿಯಲ್ಲಿ ಹೋಟೆಲು ಇಟ್ಟಿರುವ ಜಯಪಾಲ ಶೆಟ್ಟರು ಅಧ್ಯಕ್ಷರಾಗಿ ಒಂದು ಅಭಿವೃದ್ಧಿ ಸಮಿತಿ ಹುಟ್ಟಿತು. ಲಾಡ್ಜು, ಐಸ್‌ಕ್ರೀಮಿನ ಅಂಗಡಿ, ಟ್ಯೂಬ್‌ಲೈಟಿನ ಕಂಬ, ಮಕ್ಕಳಿಗೆ ಜಾರುಬಂಡಿ, ಸಿಟಿ ಬಸ್ಸು ಎಂದು ಶಾಲೆಯ ಜಗಲಿಯಲ್ಲಿ ಕುಳಿತು ಎಲ್ಲರೂ ಒಟ್ಟಿಗೆ ಕನಸು ಕಂಡರು. ಅಂಥ ಒಗ್ಗಟ್ಟನ್ನು ಆ ಊರು ಅದುವರೆಗೆ ನೋಡಿರಲಿಲ್ಲ.

ಮೊದಲು ಬೇಕಾದದ್ದು ಕಡಲಿಗೆ ಮೂವತ್ತು ಅಡಿ ಅಗಲದ ರಸ್ತೆ. ಪ್ರವಾಸೋದ್ಯಮ ಇಲಾಖೆಯ ಅಧಿಕಾರಿ ಹೇಳಿಬಿಟ್ಟಿದ್ದರು: ಟೂರಿಸ್ಟ್ ಬಸ್ಸು ಬರುವ ರಸ್ತೆ, ನೇರವಾಗಿರಬೇಕು, ನಕ್ಷೆ ನೀವೇ ಮಾಡಿ, ಹನ್ನೊಂದು ಮನೆಯವರೂ ತಕರಾರಿಲ್ಲ ಎಂದು ಸಹಿ ಹಾಕಿ ಕೊಡಿ, ತಿಂಗಳೊಳಗೆ ಕೊಡದಿದ್ದರೆ ರಸ್ತೆ ಬೇರೆ ಊರಿಗೆ ಹೋಗುತ್ತದೆ. ನಕ್ಷೆ ಯಾರು ಮಾಡುವುದು ಎನ್ನುವಾಗ ಎಲ್ಲರ ಬೆರಳೂ ಕುದ್ರೋಳಿಯ ಹೈಸ್ಕೂಲಿನ ಡ್ರಾಯಿಂಗ್ ಮಾಸ್ಟ್ರ ಕಡೆ ತಿರುಗಿತು.

“ನಿಮಗೆ ಯಾರ ಮೇಲೂ ಹಗೆ ಇಲ್ಲ ಮಾಸ್ಟ್ರೇ,” ಎಂದಿದ್ದರು ಶೆಟ್ಟರು. “ನೀವು ಗೆರೆ ಎಳೆದರೆ ಮುಗೀತು. ಯಾರೂ ಬಾಯಿ ತೆರೆಯುವುದಿಲ್ಲ.”

ಮಾಸ್ಟ್ರು ಮೂರು ದಿನ ಟೇಪು ಹಿಡಿದು ಹೊಯ್ಗೆಯಲ್ಲಿ ಅಲೆದು, ನೂರು ಅಡಿಗೆ ಒಂದಿಂಚಿನಂತೆ ಇಡೀ ಊರನ್ನು ಕಾಗದಕ್ಕೆ ಇಳಿಸಿದರು. ಮೊದಲ ಗೆರೆಯನ್ನು ನ್ಯಾಯವಾಗಿಯೇ ಎಳೆದಿದ್ದರು. ಹಳೆಯ ಕಾಲುದಾರಿಯ ಗುಂಟ ಶೆಟ್ಟರ ಒಂದು ಸಾಲು ತೆಂಗಿನಮರ, ಗುಲಾಬಿಯಕ್ಕನ ಒಂದಿಷ್ಟು ಬೇಲಿ ಹೋಗುತ್ತಿತ್ತು. ಅಷ್ಟೇ. ಒಲೆ ಉರಿಯುವ ಒಂದು ಮನೆಗೂ ಗೆರೆ ತಾಗಿರಲಿಲ್ಲ. ಅದನ್ನು ನೋಡಿ ಅವರಿಗೆ ತಮ್ಮ ಬಗ್ಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು, ಪಾಪ.

ಮರುದಿನವೇ ಶೆಟ್ಟರು ಬಂದರು. ಮರದ ಮಾತೇ ಎತ್ತಲಿಲ್ಲ.

“ಆ ಸಾಲಿನ ಬುಡದಲ್ಲಿ ನಾಗನ ಕಲ್ಲು ಉಂಟು ಮಾಸ್ಟ್ರೇ. ನಮ್ಮ ಅಜ್ಜಿಯ ಕಾಲದ್ದು. ನೀವು ಪೂಜೆಯ ಮನೆತನದವರು, ನಿಮಗೆ ನಾನು ಹೇಳಬೇಕಾ?”

ಕಲ್ಲನ್ನು ಮಾಸ್ಟ್ರು ಟೇಪು ಹಿಡಿದಾಗ ಕಂಡಿರಲಿಲ್ಲ. ಒಣಗಿದ ತೆಂಗಿನ ಮಡಲಿನ ರಾಶಿಯ ಅಡಿಯಲ್ಲಿ ಇದ್ದಿರಬೇಕು. ಈಗ ಹೋಗಿ ನೋಡಿದರೆ ಮಡಲು ಎತ್ತಿ, ತೊಳೆದು, ಅರಸಿನ ಹಚ್ಚಿ, ಸುತ್ತ ಸೆಗಣಿ ಸಾರಿಸಿ ಆಗಿದೆ. ಆ ಜಾಗದಲ್ಲೇ ಲಾಡ್ಜು ಕಟ್ಟುವ ಆಲೋಚನೆ ಶೆಟ್ಟರಿಗೆ ಉಂಟು ಎಂಬುದು ಊರಿಗೇ ಗೊತ್ತಿತ್ತು. ಆದರೆ ನಾಗನ ಎದುರು ಯಾರು ಮಾತಾಡುತ್ತಾರೆ? ಮಾಸ್ಟ್ರು ಕೈ ಮುಗಿದು ಬಂದು ಗೆರೆ ಅಳಿಸಿದರು. ಅದು ತೆಂಕಕ್ಕೆ ಸರಿದು ಇಸಿದೋರ್ ಪೊರ್ಬುಗಳ ಸೋಡಾ ಅಂಗಡಿಗೂ ಕುರುಸಿಗೂ ಬಂತು. ಕುರುಸು ಬಿಟ್ಟು ಸರಿದಾಗ ಗುಲಾಬಿಯಕ್ಕನ ಬಾವಿಗೆ ಬಂತು.

ಗುಲಾಬಿಯಕ್ಕ ಅರವತ್ತು ದಾಟಿದ ಹೆಂಗಸು. ಮಾಸ್ಟ್ರ ಅಂಗಳಕ್ಕೆ ಕಾಲಿಟ್ಟವಳೇ ಜಗಲಿಯ ಮೇಲೆ ಒಂದು ತಂಬಿಗೆ ನೀರು ಇಟ್ಟಳು.

“ಕುಡಿಯಿರಿ.”

ಮಾಸ್ಟ್ರು ಕುಡಿದರು.

“ಉಪ್ಪು ಉಂಟಾ? ಇಲ್ಲ. ಮಾರ್ಚ್ ತಿಂಗಳಲ್ಲಿ ನಿಮ್ಮ ಮನೆಯ ಬಾವಿ ಉಪ್ಪಾದಾಗ ನಿಮ್ಮ ಸತ್ಯವತಿಯಮ್ಮ ಕೊಡ ಹಿಡ್ಕೊಂಡು ಬರುವುದು ಎಲ್ಲಿಗೆ? ನೀವು ಅದರ ಮೇಲೆ ಡಾಂಬರು ಹಾಕಿ. ನನಗೇನು, ನಾನು ಇವತ್ತೋ ನಾಳೆಯೋ ಸಾಯುವವಳು.”

ಈ ಮಾತಿನಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ, ಅದೇ ಕಷ್ಟ. ಗೆರೆ ಮತ್ತೆ ಸರಿಯಿತು. ಈ ಸಲ ಬಂದದ್ದು ಮಾಸ್ಟ್ರ ಮನೆಯ ನೆತ್ತಿಯ ಮೇಲೆ.

ಅವರ ಮನೆಯಿಂದ ತೆಂಕಕ್ಕೆ ಇನ್ನು ಇದ್ದದ್ದು ಒಂದೇ ಮನೆ, ಮೈಮೂನಾಳದ್ದು. ಅದರಾಚೆ ಮಳೆನೀರು ಹರಿಯುವ ತೋಡು, ಊರಿನ ಗಡಿ. ಮೈಮೂನಾ ಗಂಡ ಸತ್ತ ಮೇಲೆ ಬೀಡಿ ಕಟ್ಟಿ ಮಗಳು ಸೌದಾಳನ್ನು ಸಾಕಿದವಳು. ಎರಡು ಕೋಣೆ, ಅರ್ಧ ಹಂಚು, ಅರ್ಧ ಮಡಲು. ಅಲ್ಲಿ ನಾಗನ ಕಲ್ಲಿರಲಿಲ್ಲ, ಕುರುಸಿರಲಿಲ್ಲ, ಸಿಹಿನೀರಿನ ಬಾವಿಯೂ ಇರಲಿಲ್ಲ. ಜಾಗದ ಹಕ್ಕುಪತ್ರ, ಪಟ್ಟೆಯೂ ಇರಲಿಲ್ಲ. ಸರಕಾರಿ ಪೊರಂಬೋಕಿನ ಮೇಲೆ ಕಟ್ಟಿಕೊಂಡ ಮನೆಯಾದ್ದರಿಂದ ರಸ್ತೆ ಹಾದರೆ ಪರಿಹಾರವೂ ಸಿಗುವಂತಿರಲಿಲ್ಲ. ಆ ವಾರ ಮಾಸ್ಟ್ರ ಜಗಲಿ ಹತ್ತದೆ ಉಳಿದದ್ದು ಅವಳೊಬ್ಬಳೇ.

ಎರಡು ದಿನ ಮಾಸ್ಟ್ರು ಗೆರೆಯನ್ನು ತಮ್ಮ ಮನೆಯ ಮೇಲೆಯೇ ಬಿಟ್ಟರು. ಇರಲಿ, ಯಾರಿಗಾದರೂ ಬರಬೇಕಲ್ಲ, ನನಗೇ ಬರಲಿ ಎಂದುಕೊಂಡರು. ಮೂರನೆಯ ದಿನ ಸಂಜೆ ಹೆಂಡತಿ ಸತ್ಯವತಿ ಜಗಲಿ ಗುಡಿಸುವಾಗ ನಕ್ಷೆ ನೋಡಿ ಹಿಡಿಸೂಡಿ ಕೆಳಗಿಟ್ಟಳು.

“ಇದು ನಮ್ಮ ಮನೆ ಅಲ್ವಾ?”

“ಹೌದು.”

“ಅತ್ತೆಯನ್ನು ಎಲ್ಲಿ ಮಲಗಿಸುವುದು?”

ಒಳಕೋಣೆಯಲ್ಲಿ ಮಾಸ್ಟ್ರ ತಾಯಿ ರಮಾದೇವಿಯಮ್ಮ ಮಲಗಿದಲ್ಲೇ ಆಗಿ ಎರಡು ವರ್ಷ. ಮಾಸ್ಟ್ರು ಪರಿಹಾರ, ಕುಲಶೇಖರದ ಕಡೆ ಬಾಡಿಗೆ ಮನೆ ಎಂದು ಏನೇನೋ ತೊದಲಿದರು.

“ಶೆಟ್ರಿಗೆ ಆಗ್ತದೆ ಅಂದ್ರಿ. ಪೊರ್ಬುಗಳಿಗೆ ಆಗ್ತದೆ ಅಂದ್ರಿ. ಗುಲಾಬಿಯಕ್ಕನಿಗೂ ಆಗ್ತದೆ ಅಂದ್ರಿ,” ಸತ್ಯವತಿಯ ದನಿ ಏರಲಿಲ್ಲ. “ನಾನು ಈ ಮನೆಗೆ ಬಂದು ಇಪ್ಪತ್ತೆರಡು ವರ್ಷ ಆಯ್ತು. ಎಂತಾದರೂ ಕೇಳಿದ್ದೇನಾ? ಈಗ ಕೇಳ್ತಾ ಇದ್ದೇನೆ. ನನಗೆ ಒಬ್ಬಳಿಗೆ ಆಗುವುದಿಲ್ಲ ಅನ್ನಿ, ಕೇಳಿಸಿಕೊಂಡು ಸುಮ್ಮನಿರ್ತೇನೆ.”

“ಆಚೆ ಮೈಮೂನಾ ಇದ್ದಾಳಲ್ಲ ಮಾರಾಯ್ತಿ.”

“ಗೊತ್ತುಂಟು ನನಗೆ,” ಎಂದಳು ಸತ್ಯವತಿ. “ಸೌದಾ ಸಣ್ಣವಳಿರುವಾಗ ಅವಳಿಗೆ ಜಡೆ ಹಾಕಿದವಳು ನಾನೇ.” ಹಿಡಿಸೂಡಿ ಎತ್ತಿಕೊಂಡು ಒಳಗೆ ಹೋದಳು. ಆ ಸಂಜೆ ಮತ್ತೆ ಹೊರಗೆ ಬರಲಿಲ್ಲ.

ಮರುದಿನ ಮಾಸ್ಟ್ರು ಶಾಲೆಗೆ ಅರ್ಧ ದಿನ ರಜೆ ಹಾಕಿ ಕದ್ರಿಗೆ ಬಸ್ಸು ಹತ್ತಿದರು. ಮೊದಲಿನ ಗೆರೆಯೇ ಸರಿ, ನಾಗನ ಕಲ್ಲನ್ನು ಶಾಸ್ತ್ರಪ್ರಕಾರ ಬೇರೆ ಕಡೆ ಪ್ರತಿಷ್ಠೆ ಮಾಡಿಸುವ ಎಂದು ಹೇಳಬೇಕು. ಈ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದರು. ಶೆಟ್ಟರು ಅವರನ್ನು ಕ್ಯಾಷಿನ ಪಕ್ಕದಲ್ಲೇ ಕೂರಿಸಿ ದೋಸೆ ತರಿಸಿದರು, ಪೂರ್ತಿ ಕೇಳಿದರು.

“ನಾಗನನ್ನು ಎಬ್ಬಿಸುವುದಾ? ಬೇಡ ಮಾಸ್ಟ್ರೇ. ಆಮೇಲೆ ನನಗೂ ಹೆಂಡತಿ ಮಕ್ಕಳು ಉಂಟು.” ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟು ಹೇಳಿದರು, “ನಿಮ್ಮ ಆರು ಸೆಂಟ್ಸು ನಮ್ಮ ಜಾಗವೇ ಆಗಿತ್ತಲ್ಲ. ಭೂಸುಧಾರಣೆ ಬಂದಾಗ ಟ್ರಿಬ್ಯೂನಲಿನಲ್ಲಿ ನಮ್ಮ ಮಾಮ ಒಂದು ತಕರಾರು ಹಾಕಿದ್ರೆ ಅದು ನಿಮ್ಮ ಹೆಸರಿಗೆ ಬರ್ತಿತ್ತಾ? ಭಟ್ರ ಮನೆ ಇರ್ಲಿ ಅಂತ ಬಿಟ್ಟದ್ದು. ನಾನು ಅದನ್ನೆಲ್ಲ ಹೇಳ್ಲಿಕ್ಕೆ ಹೋಗುವುದಿಲ್ಲ.”

ಹೇಳುವುದಿಲ್ಲ ಎಂದು ಎಲ್ಲವನ್ನೂ ಹೇಳಿ ಮುಗಿಸಿದರು.

“ತೋಡಿನ ಬದಿಗೆ ತಳ್ಳಿ. ಅಲ್ಲಿ ಯಾರದ್ದೂ ಪಟ್ಟೆ ಇಲ್ಲ.”

“ಮೈಮೂನಾ?”

“ನಾವೆಲ್ಲ ಸೇರಿ ಒಂದು ಶೆಡ್ ಹಾಕಿ ಕೊಡುವ.”

“ಎಲ್ಲಿ?”

“ಎಲ್ಲಿಯಾದರೂ,” ಎಂದರು ಶೆಟ್ಟರು. “ದೋಸೆ ತಣ್ಣಗಾಗ್ತದೆ, ತಿನ್ನಿ.”

ಮಾಸ್ಟ್ರು ತಿಂದರು. ಎದ್ದು ಹೋಗಬೇಕಿತ್ತು, ತಟ್ಟೆ ದೂಡಬೇಕಿತ್ತು. ಬಸ್ಸಿನಲ್ಲಿ ಕೂತ ಮೇಲೆ ಇದೆಲ್ಲ ಹೊಳೆಯಿತು. ಅವರಿಗೆ ತಮ್ಮ ಮೇಲೆಯೇ ಅಸಹ್ಯವಾಯಿತು. ಮನೆಗೆ ಬಂದು, ಹಗಲು ಬೆಳಕಿರುವಾಗಲೇ, ಬಾಗಿಲು ಹಾಕಿಕೊಂಡು ರಬ್ಬರು ಹಿಡಿದರು. ತಮ್ಮ ಮನೆಯ ಮೇಲಿನ ಗೆರೆ ಹೋಗಲು ಬಹಳ ಹೊತ್ತು ಹಿಡಿಯಿತು. ಅಷ್ಟು ದಿನ ಉಜ್ಜಿ ಉಜ್ಜಿ ಕಾಗದ ಅಲ್ಲಲ್ಲಿ ತೆಳ್ಳಗಾಗಿತ್ತು. ಹೊಸ ಗೆರೆ ಮೈಮೂನಾಳ ಎರಡು ಕೋಣೆಯ ಮೇಲೆ ಹಾದು ಸೀದಾ ಕಡಲಿಗೆ ಹೋಯಿತು. ಅದಕ್ಕೆ ಮಾತ್ರ ಅವರು ಶಾಯಿ ಹಾಕಿದರು.

ಭಾನುವಾರ ಹತ್ತು ಗಂಟೆಗೆ ಶಾಲೆಯ ಜಗಲಿಯಲ್ಲಿ ಸಭೆ. ಬೆಂಚಿನ ಮೇಲೆ ನಕ್ಷೆ ಬಿಡಿಸಿಟ್ಟಾಗ ಎಲ್ಲರೂ ಬಗ್ಗಿ ಮೊದಲು ತಮ್ಮ ತಮ್ಮ ಮನೆ ಹುಡುಕಿದರು. ಸಿಕ್ಕಿದವರು ನೆಟ್ಟಗೆ ನಿಂತರು. ಆಮೇಲೆ ಗೆರೆ ಎಲ್ಲಿ ಹೋಗಿದೆ ಎಂದು ನೋಡಿದರು. ಯಾರಾದರೂ ಒಬ್ಬರು ಕೇಳಲಿ ದೇವರೇ, ಒಂದೇ ಒಂದು ಮಾತು ಕೇಳಲಿ, ಕೂಡಲೇ ಹರಿದು ಹಾಕುತ್ತೇನೆ ಎಂದು ಮಾಸ್ಟ್ರು ಉಸಿರು ಹಿಡಿದು ಕಾದರು. ಗುಲಾಬಿಯಕ್ಕ ಏನೋ ಹೇಳಲು ಹೊರಟವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಪೊರ್ಬುಗಳು ಚಪ್ಪಾಳೆ ತಟ್ಟಿದರು, ಮಿಕ್ಕವರೂ ತಟ್ಟಿದರು.

“ಇದಕ್ಕೆ ಹೇಳುವುದು ನ್ಯಾಯ ಅಂತ,” ಎಂದರು ಶೆಟ್ಟರು. “ಮಾಸ್ಟ್ರು ಯಾರ ಮುಖವನ್ನೂ ನೋಡಲಿಲ್ಲ.”

ನಕ್ಷೆಯ ಅಡಿಯಲ್ಲಿ ಹತ್ತು ಸಹಿ ಬಿತ್ತು. ಹತ್ತನೆಯದು ಮಾಸ್ಟ್ರದ್ದೇ. ಹನ್ನೊಂದನೆಯದಕ್ಕೆ ಜನ ಕಳುಹಿಸಿದಾಗ ಮೈಮೂನಾ ಬೀಡಿಯ ಎಲೆಯ ಮೊರ ಮಗಳ ಕೈಗೆ ಕೊಟ್ಟು, ತಲೆಯ ಮೇಲೆ ಬಟ್ಟೆ ಎಳೆದುಕೊಳ್ಳುತ್ತಾ ಏದುಸಿರು ಬಿಡುತ್ತಾ ಬಂದಳು.

“ತಡ ಆಯ್ತು ಶೆಟ್ರೇ, ಬೇಸರ ಮಾಡ್ಬೇಡಿ. ರಸ್ತೆ ಬರ್ತದೆ ಅಂತ ಸೌದಾಳಿಗೆ ನಿನ್ನೆ ನಿದ್ರೆಯೇ ಇಲ್ಲ. ಹೋದ ತಿಂಗಳು ಗಂಡಿನ ಕಡೆಯವರು ಕಾರು ಹೈವೇಯಲ್ಲಿ ಬಿಟ್ಟು ಬಂದದ್ದು. ಈ ಹೊಯ್ಗೆಯಲ್ಲಿ ನಿಕಾಹ್ ಹೇಗೆ ಮಾಡುವುದು ಅಂತ ಅವರ ಹೆಂಗಸರು ಕೇಳಿದ್ರು. ನಾನು ಎಂತ ಹೇಳುವುದು? ಇನ್ನು ಹೇಳ್ತೇನೆ.” ಬೆಂಚಿನ ಹತ್ತಿರ ಬಂದು ಬಗ್ಗಿದಳು. “ಮಾಸ್ಟ್ರೇ, ಇದರಲ್ಲಿ ನನ್ನ ಮನೆ ಯಾವುದು?”

ಶೆಟ್ಟರು ಕಡಲ ಕಡೆ ನೋಡಿದರು. ಪೊರ್ಬುಗಳಿಗೆ ಕೆಮ್ಮು ಬಂತು. ಹೇಳುವುದಾದರೆ ಈಗಲೇ ಹೇಳಬೇಕು. ಜಗಲಿಯ ಕಂಬಕ್ಕೆ ಒರಗಿ ಸತ್ಯವತಿ ನೆಲ ನೋಡುತ್ತಾ ನಿಂತಿದ್ದಳು. ಮಾಸ್ಟ್ರ ಬೆರಳು ಹೋಗಿ ತಮ್ಮ ಮನೆಯ ಚೌಕದ ಮೇಲೆ ಕೂತಿತು.

“ಇದು,” ಎಂದರು.

“ಅಲ್ಲಾ! ರಸ್ತೆ ಬಾಗಿಲಿಗೇ ಬಂತಲ್ಲ ಮಾಸ್ಟ್ರೇ!” ಮೈಮೂನಾಳ ಮುಖ ಅರಳಿತು. “ಕಾರು ಅಂಗಳಕ್ಕೇ ಬರ್ತದೆ.”

ಪೊರ್ಬುಗಳು ಶಾಯಿಯ ಪ್ಯಾಡು ಮುಂದೆ ಮಾಡಿದರು, ಹೆಬ್ಬೆಟ್ಟಿಗೆ. ಅವಳು ಅದನ್ನು ಬದಿಗೆ ಸರಿಸಿದಳು.

“ಅದು ಬೇಡ. ಮಾಸ್ಟ್ರು ಕಲಿಸಿದ್ದು ಮರ್ತಿಲ್ಲ ನಾನು.”

ನಾಲ್ಕು ವರ್ಷದ ಹಿಂದೆ ಇದೇ ಜಗಲಿಯಲ್ಲಿ ವಯಸ್ಕರ ಶಿಕ್ಷಣದ ತರಗತಿ ನಡೆದಿತ್ತು. ಅವಳು ಬೀಡಿಯ ಎಲೆ ಕತ್ತರಿಸುತ್ತಲೇ ಕೂತು, ಮೂರು ತಿಂಗಳು ಬರೀ ತನ್ನ ಹೆಸರನ್ನು ಬರೆದಿದ್ದಳು. ಈಗ ಮಾಸ್ಟ್ರ ಕೈಯಿಂದ ಪೆನ್ನು ತೆಗೆದುಕೊಂಡು, ಚಾಪೆಯಿಲ್ಲದ ನೆಲದ ಮೇಲೆ ಮಂಡಿಯೂರಿದಳು. ಮೊದಲ ಅಕ್ಷರ ಬರೆದು ಉಸಿರು ಬಿಟ್ಟಳು. ಎರಡನೆಯದಕ್ಕೆ ಕೊಂಬು ಎಳೆಯುವಾಗ ನಾಲಿಗೆಯ ತುದಿ ಕಚ್ಚಿಕೊಂಡಳು. ಯಾರೂ ಅವಸರ ಮಾಡಲಿಲ್ಲ. ಪಡುಗಾಳಿಗೆ ನಕ್ಷೆಯ ಅಂಚು ಪಟಪಟ ಏಳುತ್ತಿತ್ತು. ಅವಳ ಅಕ್ಷರ ಕೆಡದಂತೆ ಮಾಸ್ಟ್ರು ಬಗ್ಗಿ, ಕಾಗದವನ್ನು ಎರಡೂ ಅಂಗೈಯಲ್ಲಿ ಒತ್ತಿ ಹಿಡಿದರು.