ಗೊನೆ ಇಲ್ಲದ ತೆಂಗಿನ ಮರ

ಶೆಟ್ಟಿಕೆರೆ ಪಕ್ಕದ ಒಂದು ಊರು. ಬೆಳಗಿನ ಒಂಬತ್ತು ಗಂಟೆ. ತೋಂಟದಾರ್ಯನ ಮನೆಯ ಜಗಲಿಯಲ್ಲಿ ಎರಡೂವರೆ ವರ್ಷದ ಮೊಮ್ಮಗಳು ಜೀವಿತಾ ಬಾಯಿ ತೆರೆದುಕೊಂಡು ಕೂತಿದ್ದಳು. ಕೈಯಲ್ಲಿ ಮೊಬೈಲು, ಅದರಲ್ಲಿ ಯಾವುದೋ ಬೊಂಬೆಯ ಕುಣಿತ. ತೋಂಟದಾರ್ಯನ ಸೊಸೆ ಮಧುಶ್ರೀ ಉಪ್ಪಿಟ್ಟಿನ ತುತ್ತನ್ನು ಮಗಳ ಬಾಯಿಗೆ ಇಡುತ್ತಿದ್ದಳು. ಮಗು ನುಂಗುತ್ತಿತ್ತು. ತಿಂದದ್ದು ಉಪ್ಪಿಟ್ಟೋ ಮಣ್ಣೋ ಅದಕ್ಕೇ ಗೊತ್ತಿಲ್ಲ.

ಇಂಥ ಜಗಲಿ ಇಲ್ಲದ ಊರು ಯಾವುದಿದೆ ಹೇಳಿ.

ಜೀವಿತಾ ಆಡುತ್ತಿದ್ದ ಮಾತು ಮೂರೇ: ಅಮ್ಮ, ತಾತ, ಬ್ಯಾಡ. ಮಿಕ್ಕಿದ್ದಕ್ಕೆಲ್ಲ ಬೆರಳು ತೋರಿಸಿ "ಊಂ ಊಂ" ಅನ್ನುತ್ತಿದ್ದಳು. ತಿಪಟೂರಿಗೆ ಕರೆದುಕೊಂಡು ಹೋಗಿ ಕಿವಿ ಪರೀಕ್ಷೆ ಮಾಡಿಸಿದ್ದಾಗಿತ್ತು. "ಕಿವಿ ಚೆನ್ನಾಗಿದೆ. ಮನೆಯಲ್ಲಿ ಮಗುವಿನ ಜೊತೆ ಹೆಚ್ಚು ಮಾತಾಡಿ. ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ" ಎಂದಿದ್ದರು ಡಾಕ್ಟರು. ಮಗು ಮಾತಾಡದೇ ಹೋದರೆ ಏನು ಗತಿ ಎಂದು ತೋಂಟದಾರ್ಯನಿಗೂ ಒಳಗೊಳಗೇ ಅಳುಕು. ಆದರೆ ಅವನು ಅಳುಕನ್ನೂ ಕೂಗಾಡಿಯೇ ತೋರಿಸುವ ಮನುಷ್ಯ.

ಅವತ್ತು ಅಂಗನವಾಡಿ ಟೀಚರ್ ಅನಿತಾ ಎರಡು ಚಿತ್ರಪುಸ್ತಕ ಹಿಡಿದುಕೊಂಡು ಬಂದಳು.

"ಯಜಮಾನ್ರೇ, ಆ ಮೊಬೈಲ್ ಎತ್ತಿಡಿ. ದಿನಾ ಹತ್ತು ನಿಮಿಷ ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಈ ಪುಸ್ತಕ ತೋರಿಸಿ."

"ಮಾತೇ ಬಾರದ ಮಗ ಪುಸ್ತಕ ಓದ್ತದಾ ಟೀಚರಮ್ಮ? ಕಚ್ಚಿ ಹರೀತದೆ ಅಷ್ಟೇಯ."

"ಹರೀಲಿ. ಅಂಟು ಹಾಕಿ ಅಂಟಿಸಿದ್ರಾಯ್ತು."

"ಸರಸ್ವತಿ ಕಣಮ್ಮ ಅದು! ಕಾಲಡಿಗೆ ಬಿದ್ರೆ ಏನ್ ಗತಿ? ಸ್ಕೂಲಿಗೆ ಸೇರಿದ ಮ್ಯಾಲೆ ಕೊಡನ ಬುಡು" ಎಂದು ತೋಂಟದಾರ್ಯ ಎರಡೂ ಪುಸ್ತಕ ಕಿತ್ತುಕೊಂಡು, ಕಣ್ಣಿಗೊತ್ತಿಕೊಂಡು, ದೇವರ ಗೂಡಿನಲ್ಲಿಟ್ಟ.

"ಗೂಡಲ್ಲಿಟ್ಟ ಪುಸ್ತಕಕ್ಕೆ ಧೂಳು ಬರುತ್ತೆ, ಮಗೂಗೆ ಮಾತು ಬರಲ್ಲ" ಎಂದಳು ಅನಿತಾ. ಅವಳೂ ಸುಮ್ಮನಿರುವ ಹೆಂಗಸಲ್ಲ.

ಪಕ್ಕದ ಮನೆ ಕೆಂಪಕ್ಕ ಗೋಡೆಯ ಮೇಲಿಂದ ತಲೆ ಹಾಕಿದಳು. "ನಮ್ಮಂಥ ಓದು ಬರದೋರು ಏನ್ ಮಾಡಾದು ಟೀಚರಮ್ಮ?"

"ಚಿತ್ರ ನೋಡ್ಕೊಂಡು ಮಾತಾಡೋಕೆ ಅಕ್ಷರ ಯಾಕೆ ಕೆಂಪಕ್ಕ? ನೀವು ಈ ಗೋಡೆ ಪಕ್ಕ ನಿಂತು ಒಂದು ಗಂಟೆ ಮಾತಾಡ್ತೀರಲ್ಲ, ಯಾವ ಪುಸ್ತಕ ಓದಿ ಕಲಿತ್ರಿ?"

ಕೆಂಪಕ್ಕ ನಕ್ಕು ತಲೆ ಒಳಗೆಳೆದುಕೊಂಡಳು.

ಎರಡು ದಿನವಾಯಿತು. ಮಧುಶ್ರೀ ತೋಟಕ್ಕೆ ಹೊರಟವಳು ಗೂಡಿನಿಂದ ಒಂದು ಪುಸ್ತಕ ತೆಗೆದು ಮಾವನ ಪಕ್ಕದಲ್ಲಿಟ್ಟಳು.

"ಮಾವ, ಮೊಬೈಲ್ ನನ್ ಜೊತೆ ಬತ್ತದೆ. ನಿಮ್ಗೆ ಪುಸ್ತಕ ಐತೆ, ಮಗ ಐತೆ."

"ಏಯ್, ಮಗ ರಚ್ಚೆ ಹಿಡಿದ್ರೆ?"

"ನೀವೂ ಹಿಡೀರಿ. ನಿಮ್ಗೇನು ಹೊಸದಾ?" ಎಂದವಳೇ ಹೊರಟುಹೋದಳು.

ಮಗು ರಚ್ಚೆ ಹಿಡಿಯಿತು. ತೋಂಟದಾರ್ಯ ಗದರಿದ, ಬೆಲ್ಲ ಕೊಟ್ಟ, ಎತ್ತಿಕೊಂಡು ಹಟ್ಟಿಯೆಲ್ಲ ತಿರುಗಿದ. ಊಹೂಂ. ಕೊನೆಗೆ ಸೋತು, ಮಗುವನ್ನು ತೊಡೆಯ ಮೇಲೆ ಕುಕ್ಕಿಕೊಂಡು, ಪುಸ್ತಕವನ್ನು ನಡುವಿಗೆ ಬಿಚ್ಚಿದ.

ಬಿಚ್ಚಿದವನೇ ಕೆಂಡವಾದ.

ಪುಟದ ತುಂಬ ಒಂದು ತೆಂಗಿನ ಮರ. ಕೆಳಗೆ "ಇದು ತೆಂಗಿನ ಮರ" ಎಂದು ಬರೆದಿತ್ತು. ತಲೆಯ ಮೇಲೆ ಕೊಡೆ ಬಿಚ್ಚಿದ ಹಾಗೆ ಐದು ಗರಿ. ನಡುವೆ ಎರಡೇ ಎರಡು ಕಾಯಿ, ಬೋಂಡಾ ಅಂಟಿಸಿದ ಹಾಗೆ. ಗೊನೆ ಇಲ್ಲ, ಹೊಂಬಾಳೆ ಇಲ್ಲ.

"ಯಾವನ್ಲಾ ಇದನ್ನ ಬರೆದೋನು? ಗೊನೆ ಎಲ್ಲಿ? ಗೊನೆ ಎಲ್ಲಿ ಅಂತೀನಿ! ಇಂಥ ಮರ ನನ್ ತೋಟದಾಗಿದ್ದಿದ್ರೆ ಯಾವತ್ತೋ ಕಡಿದು ತೊಲೆ ಮಾಡ್ತಿದ್ದೆ!"

ತೆಂಗಿನ ಸೀಮೆಯ ಮಗುವಿಗೆ ಇಂಥ ಮರ ತೋರಿಸುವುದೇ? ತೋಂಟದಾರ್ಯ ಚಪ್ಪಲಿ ಮೆಟ್ಟಿದ. ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಪುಸ್ತಕ. ಅಂಗನವಾಡಿಯ ಕಡೆಗೆ ದಡದಡ ನಡೆದ. "ಏನಾಯ್ತಣ್ಣ?" ಎಂದು ಕೆಂಪಕ್ಕ ಹಿಂದೆಯೇ ಓಡಿದಳು. ಜಗಳವಿದ್ದ ಕಡೆ ಅವಳು ತಪ್ಪಿಸಿಕೊಳ್ಳುವುದಿಲ್ಲ.

ಅಂಗನವಾಡಿಯಲ್ಲಿ ತೋಂಟದಾರ್ಯ ಚಾಪೆಯ ಮೇಲೆ ಕೂತು, ಪುಸ್ತಕ ಬಿಚ್ಚಿ, ಚಿತ್ರದ ಮೇಲೆ ಬೆರಳು ಕುಟ್ಟತೊಡಗಿದ.

"ನೋಡಮ್ಮ ಇಲ್ಲಿ. ಇದು ಗರಿ. ಐದೇನಾ? ಇದು ಕಾಯಿ. ಎರಡೇನಾ? ಹೊಂಬಾಳೆ ಎಲ್ಲಿ? ಸುಳಿ ಎಲ್ಲಿ? ಗೊನೆ ಎಲ್ಲಿ?"

ಅನಿತಾಳ ಕಣ್ಣು ಚಿತ್ರದ ಮೇಲಿರಲಿಲ್ಲ. ಅವಳು ನೋಡುತ್ತಿದ್ದದ್ದು ತೊಡೆಯ ಮೇಲಿದ್ದ ಮಗುವನ್ನು. ತಾತನ ಬೆರಳು ಹೋದಲ್ಲೆಲ್ಲ ಜೀವಿತಾಳ ಕಣ್ಣು ಹೋಗುತ್ತಿತ್ತು. ಗರಿಗೆ ಬಂದರೆ ಗರಿಗೆ, ಕಾಯಿಗೆ ಬಂದರೆ ಕಾಯಿಗೆ.

"ಮಾತಾಡಮ್ಮ! ಯಾಕೆ ಸುಮ್ಕಿದ್ದೀಯ?" ಎಂದು ಬಾಯಿ ನೋಯುವಷ್ಟು ಕೂಗಿ ತೋಂಟದಾರ್ಯ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ.

ಆಗ ಆ ಪುಟ್ಟ ಕೈ ಮುಂದೆ ಬಂತು. ಮಗು ತನ್ನ ಬೆರಳನ್ನು ಮರದ ಮೇಲಿಟ್ಟು, ಟೀಚರ್ ಮುಖವನ್ನೇ ನೋಡಿ, ತಾತನ ಹಾಗೇ ಹುಬ್ಬು ಗಂಟಿಕ್ಕಿ ಕೇಳಿತು:

"ಗೊನೆ ಎಲ್ಲಿ?"

ತೋಂಟದಾರ್ಯ ಪುಸ್ತಕ ಬಿಟ್ಟು ಮೊಮ್ಮಗಳ ಮುಖಕ್ಕೆ ಬಗ್ಗಿದ.

"ಅಯ್ಯೋ, ಮಾತಾಡ್ತು ಕಣ್ರೀ! ಎರಡು ಮಾತು ಒಟ್ಟಿಗೆ ಆಡ್ತು!" ಎಂದು ಕೆಂಪಕ್ಕ ಚಪ್ಪಾಳೆ ತಟ್ಟಿದಳು. ಅಲ್ಲಿದ್ದ ಮಕ್ಕಳೆಲ್ಲ ಏನೆಂದು ತಿಳಿಯದೆಯೇ ಚಪ್ಪಾಳೆ ತಟ್ಟಿದವು. "ಗೊನೆ ಎಲ್ಲಿ, ಗೊನೆ ಎಲ್ಲಿ" ಎಂದು ಜೀವಿತಾ ಮತ್ತೆ ಮತ್ತೆ ಕೇಳಿದಳು. ಎಲ್ಲರೂ ನಗುವುದು ಕಂಡು ಅವಳಿಗೂ ಹುರುಪು.

"ಯಜಮಾನ್ರೇ, ಮರ ತಪ್ಪಾಗಿದೆ, ಒಪ್ಕೊಂಡೆ" ಎಂದಳು ಅನಿತಾ. "ಆದ್ರೆ ನೀವು ಮಾಡಿದ್ದು ಸರಿಯಾಗಿದೆ. ಚಿತ್ರದ ಮೇಲೆ ಬೆರಳಿಟ್ರಿ. ಹೆಸರು ಹೇಳಿದ್ರಿ. ಎಲ್ಲಿ ಅಂತ ಕೇಳಿದ್ರಿ. ಪುಸ್ತಕ ತೋರಿಸೋದು ಅಂದ್ರೆ ಇಷ್ಟೇ."

"ನಾನು ಜಗಳಕ್ಕೆ ಬಂದಿದ್ದು ಕಣಮ್ಮ."

"ಜಗಳದಲ್ಲಿ ಒಂದು ಸಲ ಉಸಿರು ತಗೊಂಡ್ರಲ್ಲ, ಆಗ ಮಗೂಗೆ ಸಂದು ಸಿಕ್ತು. ಮೊಬೈಲು ಅದೇ ಸಂದು ಕೊಡಲ್ಲ. ಅದು ಮಗು ಏನು ಹೇಳುತ್ತೆ ಅಂತ ಕಾಯಲ್ಲ, ಬಡಬಡ ಅಂತಾನೇ ಇರುತ್ತೆ. ನೀವು ಕೇಳಿ, ಆಮೇಲೆ ಮನಸ್ಸಲ್ಲೇ ಐದು ಎಣಿಸಿ. ಮಗು ಅರ್ಧ ಮಾತು ಹೇಳಿದ್ರೆ ನೀವು ಪೂರ್ತಿ ಮಾಡಿ. 'ಬೌ' ಅಂದ್ರೆ 'ಹೌದವ್ವ, ನಾಯಿ ಓಡ್ತೈತೆ' ಅನ್ನಿ. ತಪ್ಪು ಅಂತ ಗದರಬೇಡಿ."

"ಐದು ಎಣಿಸಾದಾ?" ಎಂದ ತೋಂಟದಾರ್ಯ. ಗದರಬಾರದು ಅನ್ನುವುದಕ್ಕಿಂತ ಸುಮ್ಮನಿರಬೇಕು ಅನ್ನುವುದೇ ಅವನಿಗೆ ಕಷ್ಟ.

ಅವತ್ತಿನಿಂದ ಆ ಮನೆಯಲ್ಲಿ ಊಟದ ಹೊತ್ತಿಗೆ ಮೊಬೈಲಿಲ್ಲ. ಮೊದಲ ಮೂರು ದಿನ ಮಗು ಅತ್ತಿತು. ಅಳಲಿ ಎಂದಳು ಮಧುಶ್ರೀ. ಸಂಜೆ ದೀಪ ಹಚ್ಚುವ ಮುಂಚೆ ತಾತ, ಮೊಮ್ಮಗಳು ಜಗಲಿಯಲ್ಲಿ. ಪುಸ್ತಕದಲ್ಲಿ ಕೋಳಿ ಬಂದರೆ ತೋಂಟದಾರ್ಯ ಕೋಳಿಯ ಹಾಗೆ ಕೂಗುವನು. ಬೀದಿಯವರು ನಿಂತು ನೋಡಿದರೆ "ಏನ್ ನೋಡ್ತೀರ, ಪಾಠ ನಡೀತಾ ಐತೆ" ಎಂದು ಗದರುವನು. ಪುಸ್ತಕ ಮುಚ್ಚಿದ ಮೇಲೆ ಗರಿಯಲ್ಲಿ ಪೀಪಿ ಮಾಡಿಕೊಡುವನು. ಮಧುಶ್ರೀ ಹಳೇ ಕ್ಯಾಲೆಂಡರ್, ಮದುವೆ ಕಾಗದಗಳಿಂದ ಹೂವು, ಹಸು, ಬಸ್ಸಿನ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿ, ದಾರ ಹೊಲಿದು ಇನ್ನೊಂದು ಪುಸ್ತಕವನ್ನೇ ಮಾಡಿದಳು. ಜೀವಿತಾ ಒಂದು ಪುಟ ಹರಿದಳು. ಮೈದಾ ಅಂಟಿನಲ್ಲಿ ಅಂಟಿಸಿದರು. ಯಾವ ಪಾಪವೂ ಬರಲಿಲ್ಲ.

ಆದರೆ ಮಾತು? ದಿನಕ್ಕೊಂದು ಬಂತು ಎಂದು ಸುಳ್ಳು ಹೇಳುವುದಿಲ್ಲ. ಕೆಲವು ದಿನ ಏನೂ ಬರಲಿಲ್ಲ. ತೋಂಟದಾರ್ಯ ಹಲ್ಲು ಕಚ್ಚಿ ಐದು ಎಣಿಸಿದ. ಆರು, ಏಳೂ ಎಣಿಸಿದ.

ಎರಡು ತಿಂಗಳ ಮೇಲೊಂದು ಸಂಜೆ, ಅನಿತಾ ಕೊಟ್ಟ ಹೊಸ ಪುಸ್ತಕ ತೆಗೆದರು. ನೀಲಿ ನೀರಿನಲ್ಲಿ ಎಂಟು ಕಾಲಿನ ಯಾವುದೋ ಪ್ರಾಣಿ. ಈ ಸಲ ತಾತ ಕೇಳುವ ಮೊದಲೇ ಮಗು ಕೇಳಿತು:

"ತಾತ, ಇದೇನು? ಇಷ್ಟು ಕಾಲು ಯಾಕೆ?"

ತೋಂಟದಾರ್ಯ ಮಧುಶ್ರೀಯತ್ತ ತಿರುಗಿದ. ಅವಳ ಕೈಯ ಮೊರ ಹಾಗೇ ನಿಂತಿತ್ತು. ಅವನು ಪುಸ್ತಕ ಮುಚ್ಚಿ ಕಂಕುಳಿಗಿಟ್ಟ.

"ನಂಗೂ ಗೊತ್ತಿಲ್ಲ ಕಣವ್ವ" ಎಂದ ಮೆಲ್ಲಗೆ. "ನಡಿ, ಇಬ್ರೂ ಹೋಗಿ ಟೀಚರಮ್ಮನ್ನ ಕೇಳಿ ಬರಣ."

ಓದುತ್ತಿರುವವರೇ, ನೆಪ ಹೇಳಬೇಡಿ. ಓದು ಬರುವುದಿಲ್ಲ ಅನ್ನುವುದು ನೆಪ. ಹೊತ್ತಿಲ್ಲ ಅನ್ನುವುದು ಅದಕ್ಕಿಂತ ದೊಡ್ಡ ನೆಪ. ಬೇಕಾದದ್ದು ದಿನಕ್ಕೆ ಹತ್ತು ನಿಮಿಷ. ನಾಳೆಯೇ ಅಂಗನವಾಡಿಯಲ್ಲಿ ಚಿತ್ರಪುಸ್ತಕ ಕೇಳಿ. ಇಲ್ಲವೆಂದರೆ ಪಂಚಾಯಿತಿ ಗ್ರಂಥಾಲಯದಲ್ಲಿ ಕೇಳಿ. ಅಲ್ಲೂ ಇಲ್ಲದಿದ್ದರೆ ನೀವೇ ಹೊಲಿಯಿರಿ. ಹಾಲು ಕುಡಿಯುವ ಕೂಸಿಗೂ ಚಿತ್ರ ತೋರಿಸಬಹುದು. ಕರೆದರೆ ತಿರುಗದ, ವಯಸ್ಸಿಗೆ ತಕ್ಕಂತೆ ಮಾತಾಡದ ಮಗುವನ್ನು ತಡಮಾಡದೆ ಡಾಕ್ಟರಿಗೂ ತೋರಿಸಿ. ಪುಸ್ತಕ ಔಷಧಿಯಲ್ಲ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಪುಟ ತೆರೆಯಿರಿ. ಒಂದು ಪ್ರಶ್ನೆ ಕೇಳಿ. ಆಮೇಲೆ ದಯವಿಟ್ಟು ಬಾಯಿ ಮುಚ್ಚಿಕೊಂಡು ಕಾಯಿರಿ. ನಿಮ್ಮ ಮಗುವಿಗೆ ಹೇಳುವುದು ಬಹಳ ಇದೆ.