ಹೆಂಡತಿಯ ಹೆಸರಿನ ರಿವಾಲ್ವರ್

ಬ್ರಹ್ಮಪುರದ ಕಲ್ಯಾಣಪ್ಪನವರಿಗೆ ಅನ್ನ ಹಾಕುತ್ತಿದ್ದುದು ನಂದೂರಿನ ದಾಲ್ ಮಿಲ್. ಆದರೆ ಅವರ ಬಾಯಲ್ಲಿ ತೊಗರಿಬೇಳೆಯ ಮಾತು ಬಂದದ್ದನ್ನು ಯಾರೂ ಕೇಳಿಲ್ಲ. ಅವರ ಮಾತೆಲ್ಲ ರಿವಾಲ್ವರಿನದು. ಅದೂ ದೊಡ್ಡ ರಿವಾಲ್ವರ್ ಎಂದರೆ ತಾತ್ಸಾರ. ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ, ಐದೇ ಗುಂಡಿನ, ಹಳೇ ಕಾಲದ ಪುಟ್ಟ ರಿವಾಲ್ವರುಗಳೇ ಆಗಬೇಕು. ಅಂಥವು ಮನೆಯಲ್ಲಿ ಮೂರಿದ್ದವು. ಅಜ್ಜ ನಿಜಾಮರ ಕಾಲದಲ್ಲಿ ಕೊಂಡ ಇಂಗ್ಲೆಂಡಿನ ವೆಬ್ಲಿ, ಸೋಲಾಪುರದಿಂದ ತಂದ ಬೆಲ್ಜಿಯಂನದು, ಹೈದರಾಬಾದಿನ ಯಾವುದೋ ನವಾಬರ ಮನೆಯಿಂದ ಬಂದ ಅಮೆರಿಕದ್ದು. ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಇರಕೂಡದು ಎನ್ನುತ್ತದೆ ಕಾನೂನು. ಹಾಗಾಗಿ ಅಮೆರಿಕದ್ದರ ಲೈಸೆನ್ಸು ಹೆಂಡತಿ ಸುನಂದಾಬಾಯಿಯ ಹೆಸರಿಗಿತ್ತು. ಹೊಲ, ಮನೆ, ಮಿಲ್ಲು ಯಾವುದನ್ನೂ ಹೆಂಡತಿಯ ಹೆಸರಿಗೆ ಮಾಡದ ಮನುಷ್ಯ ಒಂದು ರಿವಾಲ್ವರ್ ಮಾತ್ರ ಮಾಡಿಸಿಕೊಟ್ಟಿದ್ದರು.

ಸಂಜೆಯಾದರೆ ಗುಡಿಯ ಕಟ್ಟೆಯ ಮೇಲೆ ಅವರು ಗುರಿ ಹೊಡೆದ ಕಥೆ ಶುರುವಾಗುತ್ತಿತ್ತು. ಬೇವಿನ ಮರಕ್ಕೆ ನಾಣ್ಯ ಕಟ್ಟಿ ಹೊಡೆದದ್ದು, ಓಡುವ ಹಂದಿಯ ಕಿವಿ ಹಾರಿಸಿದ್ದು. ಪಕ್ಕದ ಮನೆಯ ಸೂರ್ಯಕಾಂತ ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ ತಲೆದೂಗುತ್ತಿದ್ದ. ನಿಜ ಹೇಳಬೇಕೆಂದರೆ ಕಲ್ಯಾಣಪ್ಪನವರು ಜನ್ಮದಲ್ಲಿ ಒಂದು ಗುಂಡೂ ಹಾರಿಸಿದವರಲ್ಲ. ದೀಪಾವಳಿಯ ಪಟಾಕಿಗೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಆದರೆ ಭಕ್ತಿಗೆ ಕೊರತೆಯಿರಲಿಲ್ಲ. ಪ್ರತಿ ವರ್ಷ ದಸರೆಯ ಖಂಡೆಪೂಜೆಯ ದಿನ ತಮ್ಮ ಹೆಸರಿನ ಎರಡನ್ನೂ ದೇವರ ಜಗಲಿಯ ಮೇಲಿಟ್ಟು, ಎಣ್ಣೆ ಸವರಿ, ವಿಭೂತಿ ಬಳಿದು, ಅರಿಶಿನ ಕುಂಕುಮ ಏರಿಸಿ, ಅಕ್ಷತೆ ಚೆಲ್ಲಿ ಕೈ ಮುಗಿಯುತ್ತಿದ್ದರು. ಒರೆಸಿದರೆ ದೇವಿಗೆ ಸಿಟ್ಟು ಬರುತ್ತದೆಂದು ಹಾಗೆಯೇ ಬಟ್ಟೆ ಸುತ್ತಿ ಇಡುತ್ತಿದ್ದರು. ಅಮೆರಿಕದ್ದನ್ನೂ ತರಲೇ ಎಂದು ಸುನಂದಾಬಾಯಿ ಒಮ್ಮೆ ಕೇಳಿದ್ದಕ್ಕೆ, "ಹೆಂಗಸೂರ ಹೆಸರಿನ ಹತ್ಯಾರಕ್ಕ ಎಂಥಾ ಪೂಜಾ?" ಎಂದಿದ್ದರು. ಅದು ಟ್ರಂಕಿನಲ್ಲಿ ಸೀರೆಗಳ ನಡುವೆ ತಣ್ಣಗೆ ಮಲಗಿತ್ತು.

ಹೀಗಿರುವಾಗ ಹೊಸ ಅಧಿಕಾರಿಯೊಬ್ಬರು ಬಂದು ಎಲ್ಲರ ನೆಮ್ಮದಿ ಕೆಡಿಸಿದರು. ಲೈಸೆನ್ಸು ಇದ್ದವರೆಲ್ಲ ಕಮಲಾಪುರದ ಶಿಬಿರದಲ್ಲಿ ಗುಂಡು ಹಾರಿಸಿ ತೋರಿಸಬೇಕು. ಐದರಲ್ಲಿ ಒಂದಾದರೂ ಹಲಗೆಗೆ ತಾಗದಿದ್ದರೆ ಲೈಸೆನ್ಸು ರದ್ದು, ಹತ್ಯಾರ ಠಾಣೆಗೆ.

ಕಮಲಾಪುರದ ಕೆಂಪು ಬಾಳೆಯ ತೋಟಗಳನ್ನು ದಾಟಿ, ಗುಡ್ಡದ ಬುಡದಲ್ಲಿ ಮಣ್ಣಿನ ಒಡ್ಡು ಹಾಕಿ ಹಲಗೆ ನಿಲ್ಲಿಸಿದ್ದರು. ಕಲಿಸುವವರು ಫೌಜಿನಿಂದ ನಿವೃತ್ತರಾದ ಸುಬೇದಾರ ಚಾಂದಪಾಶಾ. ಅವರು ಹಿಡಿಯುವುದು ಹೇಗೆ, ಉಸಿರು ಕಟ್ಟುವುದು ಹೇಗೆ ಎಂದು ಹೇಳುತ್ತಿದ್ದಾಗ ಕಲ್ಯಾಣಪ್ಪನವರು ಹಿಂದೆ ನಿಂತು ನಾಲ್ಕು ಜನರಿಗೆ ಹಂದಿಯ ಕಿವಿಯ ಕಥೆ ಹೇಳುತ್ತಿದ್ದರು. ಸುನಂದಾಬಾಯಿಗೆ ಮಾತ್ರ ಹೇಳಿದ್ದನ್ನು ಹೇಳಿದ ಹಾಗೆ ಕೇಳುವ ಅಭ್ಯಾಸ. ಮದುವೆಯಾದಂದಿನಿಂದ ಬೇರೆ ಏನು ಮಾಡಿದ್ದರು ಪಾಪ!

ಸೆರಗು ಸೊಂಟಕ್ಕೆ ಸಿಕ್ಕಿಸಿ ಆಕೆ ಹೊಡೆದರು. ಐದರಲ್ಲಿ ನಾಲ್ಕು ಹಲಗೆಗೆ, ಅದರಲ್ಲೂ ಒಂದು ನಟ್ಟನಡುವೆ. "ಕ್ಯಾ ಬಾತ್ ಹೈ, ಬಾಯಿಯವರ!" ಎಂದರು ಸುಬೇದಾರರು.

ಕಲ್ಯಾಣಪ್ಪನವರು ಅಜ್ಜನ ವೆಬ್ಲಿಯನ್ನು ಗತ್ತಿನಿಂದ ಹೊರತೆಗೆದರು. ಅದು ತೆರೆಯಲಿಲ್ಲ. ಸುಬೇದಾರರು ಕಷ್ಟಪಟ್ಟು ತೆರೆದು ನೋಡಿದರೆ, ಗುಂಡು ಕೂಡುವ ಮನೆಗಳಲ್ಲಿ ಕುಂಕುಮ, ಅರಿಶಿನ, ವಿಭೂತಿ ಎಲ್ಲ ಎಣ್ಣೆಯಲ್ಲಿ ಕಲೆತು ಗಾರೆಯಂತೆ ಗಟ್ಟಿಯಾಗಿತ್ತು. ನಳಿಗೆಯೊಳಗೆ ಕಡ್ಡಿ ಆಡಿಸಿದಾಗ ಅಕ್ಕಿಕಾಳು ಉದುರಿದವು. ಬೆಲ್ಜಿಯಂನದರ ಗತಿಯೂ ಅದೇ.

"ಸಾವ್ಕಾರ್ರ, ಇದಕ್ಕ ಗುಂಡು ಹಾಕೂದಲ್ಲ, ನೈವೇದ್ಯ ಇಡೂದದ," ಎಂದರು ಚಾಂದಪಾಶಾ. "ಬಾಯಿಯವರದು ತಗೊಂಡು ಹೊಡೀರಿ. ಮೊದ್ಲ ಅವರ ಇಜಾಜತ್ ಕೇಳ್ರಿ. ಲೈಸೆನ್ಸ್ ಅವರದದ."

ನಾಲ್ಕು ಜನರ ಮುಂದೆ ಹೆಂಡತಿಯನ್ನು ಕೇಳಬೇಕಾಯಿತು. ಸುನಂದಾಬಾಯಿ ಕೊಟ್ಟರು. ಕಲ್ಯಾಣಪ್ಪನವರು ಎರಡೂ ಕಣ್ಣು ಮುಚ್ಚಿ ಐದೂ ಗುಂಡು ಮುಗಿಸಿದರು. ನಾಲ್ಕು ಒಡ್ಡಿಗೆ ಹೋದವು. ಐದನೆಯದು ಎಲ್ಲಿ ಹೋಯಿತೆಂದು ಗುಡ್ಡಕ್ಕೇ ಗೊತ್ತು.

ಲೈಸೆನ್ಸು ರದ್ದಾಯಿತು. ಎರಡನ್ನೂ ನಾಳೆಯೇ ಠಾಣೆಗೆ ಒಪ್ಪಿಸಬೇಕು. ಉಳಿದದ್ದು ಒಂದೇ ದಾರಿ: ಪರೀಕ್ಷೆ ಗೆದ್ದ ಮನೆಯವರು ಯಾರಾದರೂ ತಮ್ಮ ಹೆಸರಿಗೆ ಬರೆಸಿಕೊಳ್ಳಬಹುದು. ಸುನಂದಾಬಾಯಿಯ ಲೈಸೆನ್ಸಿನಲ್ಲಿ ಒಂದಕ್ಕೆ ಜಾಗವಿತ್ತು.

ಮನೆಗೆ ಮರಳುವಾಗ ಕಾರಿನಲ್ಲಿ ಕಲ್ಯಾಣಪ್ಪನವರು ವೆಬ್ಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಚಿಕ್ಕವರಿದ್ದಾಗ ಅಜ್ಜ ಅವರನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಖಾಲಿ ವೆಬ್ಲಿ ಕೈಗೆ ಕೊಟ್ಟು ನಗುತ್ತಿದ್ದರು. ಅದು ಹೋದರೆ ಅಜ್ಜ ಇನ್ನೊಮ್ಮೆ ಸತ್ತ ಹಾಗೆ ಎನಿಸಿತು. ಅವರ ಎಲ್ಲ ಮಾತುಗಳ ನಡುವೆ ಈ ದುಃಖವೊಂದು ಖರೇ ಆಗಿತ್ತು.

"ಸುನಂದಾ, ಬೆಲ್ಜಿಯಂದು ಹೋದ್ರ ಹೋಗ್ಲಿ. ಅಜ್ಜಂದು ನಿನ್ನ ಹೆಸರಿಗಿ ತಗೋ."

"ತಗೋತೀನ್ರಿ," ಎಂದರು ಆಕೆ. "ಆದ್ರ ಒಂದು ಮಾತು. ಕಟ್ಟಿ ಮ್ಯಾಲ ಮಂದಿ ಕೇಳಿದ್ರ, ಸುನಂದಾ ಹೊಡದಾಳ ಅಂತ ಹೇಳ್ರಿ. ಇಷ್ಟು ವರ್ಷ ನಿಮ್ಮದೇ ಕೇಳ್ಯಾರ. ಒಂದಿನ ನಂದು ಕೇಳ್ಲಿ."

"ಅಷ್ಟೇ ಏನು? ಹೇಳ್ತೀನಿ," ಎಂದು ಕಲ್ಯಾಣಪ್ಪನವರು ನೆಮ್ಮದಿಯ ಉಸಿರು ಬಿಟ್ಟರು.

ಕಾರು ನಿಲ್ಲುವುದನ್ನೇ ಕಾಯುತ್ತಿದ್ದ ಸೂರ್ಯಕಾಂತ ಕಟ್ಟೆಯಿಂದ ಕೂಗಿದ. "ಹೆಂಗಾಯ್ತ್ರಿ ಅಣ್ಣಾರ? ಹಲಗಿ ಉಳದದ ಇಲ್ಲ?"

ಕಲ್ಯಾಣಪ್ಪನವರು ಕೊಟ್ಟ ಮಾತಿಗೆ ತಪ್ಪಲಿಲ್ಲ. "ನಂದು ಒಂದೂ ತಾಗಲಿಲ್ಲಪ್ಪ. ಸುನಂದಾ ಹೊಡದಾಳ, ನಟ್ಟನಡುವ."

ಕಟ್ಟೆ ಗೊಳ್ಳೆಂದು ನಕ್ಕಿತು. "ನೋಡ್ರಿ ದೊಡ್ಡವರ ಗುಣ! ತಾವು ಹೊಡದು ಹೆಸರು ಹೆಂಡತಿಗಿ ಕೊಡ್ತಾರ!" ಎಂದ ಸೂರ್ಯಕಾಂತ. "ಆಯ್ತು, ವೈನಿಯವರು ಹೊಡದಾರ ಅನ್ನೂಣು. ಕಲಿಸಿದವರು ಯಾರು? ನೀವೇ ಅಲ್ಲೇನ್ರಿ?"

ಅಲ್ಲ ಎನ್ನಬೇಕಿತ್ತು. ಎರಡೇ ಅಕ್ಷರ. ಮಾತು ಮನೆ ಕೆಡಿಸಿತು, ತೂತು ಓಲೆ ಕೆಡಿಸಿತು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಷ್ಟು ಮುಖಗಳು ತಮ್ಮತ್ತಲೇ ನೋಡುತ್ತಿರುವಾಗ ಕಲ್ಯಾಣಪ್ಪನವರ ಕೈ ತಾನಾಗಿ ಮೀಸೆಗೆ ಹೋಯಿತು.

"ಹೂಂ... ಥೋಡೆ ಹೇಳಿಕೊಟ್ಟಿದ್ದೆ."

ಸುನಂದಾಬಾಯಿ ಕಾರಿನಿಂದ ಇಳಿದು ಸೆರಗು ಸರಿಮಾಡಿಕೊಂಡರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹೌದ್ರಿ ಸೂರ್ಯಕಾಂತ, ಎಲ್ಲಾ ಅವರೇ ಕಲಿಸ್ಯಾರ. ಈಗ ಅವರಿಗಿ ಸಾಕಾಗ್ಯಾದ. ನಾಳಿಗಿ ಅಜ್ಜನ ರಿವಾಲ್ವರ್ ಠಾಣ್ಯಾಗ ಕೊಟ್ಟು ಬರ್ತಾರ."

"ಏನು ತ್ಯಾಗ! ಏನು ವೈರಾಗ್ಯ!" ಎಂದು ಕಟ್ಟೆಯವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಮೀಸೆಯ ಮೇಲಿನ ಕೈ ಇಳಿಸಲೂ ಆಗದೆ, ತಿರುವಲೂ ಆಗದೆ, ಕಲ್ಯಾಣಪ್ಪನವರು ನಗುತ್ತ ನಿಂತರು.